ಗ್ಯಾಸ್ ಅಂದರೆ ಯಾವ ಗ್ಯಾಸ್?

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಸ್ಸಿನಲ್ಲಿ ಹೈದರಾಬಾದಿಗೆ ಹೋಗುವವರು ಸಾಮಾನ್ಯವಾಗಿ ಇಳಿಯುವುದು ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ, ಹಳಬರ ಬಾಯಲ್ಲಿ ಅದು ಇಮ್ಲಿಬನ್. ಅಲ್ಲಿಂದ ಮೆಟ್ರೋ ಹತ್ತಿದರೆ ಮುಂದಿನ ಸ್ಟೇಷನ್ನೇ ಸುಲ್ತಾನ್ ಬಜಾರ್. ಒಂದು ಕಾಲಕ್ಕೆ ಇದು ಬ್ರಿಟಿಷ್ ರೆಸಿಡೆನ್ಸಿಗೆ ಸೇರಿದ ರೆಸಿಡೆನ್ಸಿ ಬಜಾರ್. 1933ರಲ್ಲಿ ನಿಜಾಮರ ಕೈಗೆ ಮರಳಿ ಬಂದ ಮೇಲೆ ಸುಲ್ತಾನ್ ಬಜಾರ್ ಆಯಿತು. ಮದುವೆಯ ಬಟ್ಟೆ, ಬಳೆ, ಮಕ್ಕಳ ಪುಸ್ತಕ ಅಂತ ನಮ್ಮ ಕಡೆಯವರು ಈಗಲೂ ಇಲ್ಲಿಗೆ ಬರುತ್ತಾರೆ. ಬೆಳಗ್ಗೆಯಿಂದ ಓಡಾಟ, ಮಧ್ಯಾಹ್ನ ತಡವಾಗಿ ಬಿರಿಯಾನಿ ಮತ್ತು ಮಿರ್ಚಿ ಕಾ ಸಾಲನ್, ನಡುವೆ ಎರಡು ಸಲ ಇರಾನಿ ಚಹಾ, ಸಂಜೆ ಕೋಟಿಯಲ್ಲಿ ಚಾಟ್. ರಾತ್ರಿ ಬಸ್ಸು ಹತ್ತುವ ಹೊತ್ತಿಗೆ ಹೊಟ್ಟೆ ತಕರಾರು ತೆಗೆಯುತ್ತದೆ. "ಗ್ಯಾಸ್ ಹೋಗಯಾ ಭೈ, ಕುಚ್ ದೇವ್" ಅಂತ ಯಾವುದಾದರೂ ಅಂಗಡಿ ಮುಂದೆ ನಿಲ್ಲುತ್ತೇವೆ.

ಸುಲ್ತಾನ್ ಬಜಾರಿನಿಂದ ಬೇಗಂ ಬಜಾರಿನವರೆಗೆ ಅಂಥ ಅಂಗಡಿಗಳಿಗೆ ಕೊರತೆಯಿಲ್ಲ. ಕನ್ನಡದಲ್ಲಿ ಗ್ರಂಧಿಗೆ ಅಂಗಡಿ, ಉರ್ದುವಿನಲ್ಲಿ ಪನ್ಸಾರಿ. ಅಜವಾನ, ಸೋಂಪು, ಕಪ್ಪು ಉಪ್ಪು, ಒಣಶುಂಠಿ, ಇಂಗು, ಇಸಬಗೋಲು, ಸೋನಾಮುಖಿ ಎಲೆ, ಜವಾರಿಶ್‌ನ ಡಬ್ಬಿಗಳು ಎಲ್ಲವೂ ಸಿಗುತ್ತವೆ. ಇವುಗಳಲ್ಲಿ ಹೆಚ್ಚಿನವು ನಿಜಕ್ಕೂ ಕೆಲಸ ಮಾಡುವ ವಸ್ತುಗಳೇ. ತೊಂದರೆ ವಸ್ತುವಿನಲ್ಲಿಲ್ಲ, ನಾವು ಕೇಳುವ ಮಾತಿನಲ್ಲಿದೆ. ಎದೆ ಉರಿದರೂ ಗ್ಯಾಸ್, ಹೊಟ್ಟೆ ಉಬ್ಬಿದರೂ ಗ್ಯಾಸ್, ನುಲಿದರೂ ಗ್ಯಾಸ್, ಎರಡು ದಿನ ಸಂಡಾಸ್ ಆಗದಿದ್ದರೂ ಗ್ಯಾಸ್. ಕೊನೆಗೆ ಎದೆ ಒತ್ತಿ ಬೆವರು ಬಂದರೂ ಗ್ಯಾಸ್. ಗ್ಯಾಸ್ ಅನ್ನುವುದು ಕಾಯಿಲೆಯ ಹೆಸರಲ್ಲ. ಒಂದು ತಕರಾರಿಗೆ ಒಳ್ಳೆಯದಾದ ಮದ್ದು ಇನ್ನೊಂದಕ್ಕೆ ಕೆಟ್ಟದ್ದು ಆಗಬಹುದು. ಆದ್ದರಿಂದ ಏನು ತಗೊಳ್ಳಬೇಕು ಅಂತ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಎಲ್ಲಿ ತೊಂದರೆ? ಊಟಕ್ಕೂ ಅದಕ್ಕೂ ಏನು ಸಂಬಂಧ? ಎಷ್ಟು ದಿನದಿಂದ?

ಮೊದಲು ಎದೆಯುರಿ, ಹುಳಿತೇಗು. ನಮ್ಮ ಜಠರದಲ್ಲಿ ಬಲವಾದ ಆಮ್ಲ ಇರುತ್ತದೆ, ಅದು ಇರಲೇಬೇಕು. ಅನ್ನನಾಳ ಮತ್ತು ಜಠರ ಸೇರುವ ಕಡೆ ಒಂದು ಬಿಗಿಯಾದ ಸ್ನಾಯುವಿನ ಉಂಗುರವಿದೆ, ಬಾಗಿಲು ಅಂತಲೇ ತಿಳಿಯಿರಿ. ಅದು ಸಡಿಲವಾದರೆ ಆಮ್ಲ ಮೇಲಕ್ಕೆ ಬರುತ್ತದೆ. ಅನ್ನನಾಳಕ್ಕೆ ಆಮ್ಲ ತಡೆಯುವ ಒಳಪದರ ಇಲ್ಲ, ಹಾಗಾಗಿ ಉರಿಯುತ್ತದೆ. ಇಲ್ಲಿ ನಮ್ಮ ಮನೆಗಳಲ್ಲಿ ಆಗುವ ದೊಡ್ಡ ಎಡವಟ್ಟು ಪುದೀನ. ಪುದೀನ ತಂಪು ಅನ್ನುವ ನಂಬಿಕೆಯಲ್ಲಿ ಉರಿಗೆ ಪುದೀನ ಚಹಾ, ಪುದೀನ ಸತ್ತು ಕೊಡುತ್ತೇವೆ. ಪುದೀನದ ಎಣ್ಣೆ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಕರುಳು ನುಲಿಯುವಾಗ ಅದು ವರವೇ ಸರಿ, ಆ ಕೆಲಸಕ್ಕೆ ಅದರ ಮೇಲೆ ಒಳ್ಳೆಯ ವೈದ್ಯಕೀಯ ಪ್ರಯೋಗಗಳೂ ಆಗಿವೆ. ಆದರೆ ಅದೇ ಗುಣ ಮೇಲಿನ ಬಾಗಿಲನ್ನೂ ಸಡಿಲ ಮಾಡುತ್ತದೆ, ಉರಿ ಹೆಚ್ಚುತ್ತದೆ. ಬಾಯಿಗೆ ತಂಪು, ಎದೆಗೆ ಬಿಸಿ.

ತಣ್ಣನೆಯ ಹಾಲೂ ಹಾಗೆಯೇ. ಕುಡಿದ ಗಳಿಗೆಗೆ ಹಾಯೆನಿಸುತ್ತದೆ, ಆಮೇಲೆ ಹಾಲಿನ ಪ್ರೋಟೀನು ಮತ್ತು ಕ್ಯಾಲ್ಸಿಯಂ ಜಠರಕ್ಕೆ ಇನ್ನಷ್ಟು ಆಮ್ಲ ಬಿಡಲು ಹೇಳುತ್ತವೆ. ಒಂದು ಚಿಟಿಕೆ ಅಡುಗೆ ಸೋಡಾ ನೀರಿಗೆ ಹಾಕಿ ಕುಡಿದರೆ ಆಮ್ಲ ತಟಸ್ಥವಾಗುವುದು ನಿಜ, ಎಂಟನೇ ತರಗತಿಯ ಮಕ್ಕಳಿಗೂ ಆ ರಾಸಾಯನಿಕ ಕ್ರಿಯೆ ಗೊತ್ತು. ಅದರಿಂದ ಹುಟ್ಟುವ ಇಂಗಾಲದ ಡೈ ಆಕ್ಸೈಡ್ ತೇಗಾಗಿ ಹೊರಬಂದಾಗ "ಗ್ಯಾಸ್ ಹೋಯ್ತು" ಅಂತ ಸಮಾಧಾನ ಪಡುತ್ತೇವೆ. ಆ ಗ್ಯಾಸನ್ನು ಈಗಷ್ಟೇ ನಾವೇ ತಯಾರಿಸಿದ್ದು! ಅಪರೂಪಕ್ಕೆ ಸರಿ. ಬಿ.ಪಿ., ಹೃದಯ, ಕಿಡ್ನಿ ತೊಂದರೆ ಇರುವವರು ಮಾತ್ರ ಸೋಡಾದಿಂದಲೂ ಕಪ್ಪು ಉಪ್ಪಿನಿಂದಲೂ ದೂರ ಇರಬೇಕು. ಎರಡರಲ್ಲೂ ಸೋಡಿಯಂ ತುಂಬಾ ಇದೆ. ಕಪ್ಪು ಉಪ್ಪು ಔಷಧಿ, ಬಿಳಿ ಉಪ್ಪು ವಿಷ ಅನ್ನುವುದು ಬರೀ ಮಾತು.

ಉರಿಗೆ ನಿಜವಾದ ಮನೆಮದ್ದು ಡಬ್ಬಿಯಲ್ಲಿ ಸಿಗುವುದಿಲ್ಲ. ಊಟ ಕಡಿಮೆ ಮಾಡಿ, ಊಟಕ್ಕೂ ಮಲಗುವುದಕ್ಕೂ ನಡುವೆ 3 ಗಂಟೆ ಬಿಡಿ, ಮಂಚದ ತಲೆಯ ಭಾಗದ ಕಾಲಿಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿ, ಎಡ ಮಗ್ಗುಲಿಗೆ ಮಲಗಿ. ರಂಜಾನಿನಲ್ಲಿ ನಾವು ಇದಕ್ಕೆ ಸರಿಯಾಗಿ ತಿರುಗಾಮುರುಗಾ ಮಾಡುತ್ತೇವೆ. ಇಫ್ತಾರಿಗೆ ಮಿರ್ಚಿ ಬಜ್ಜಿ, ಸಮೋಸ, ಮೇಲೆ ಹಲೀಂ. ಸೆಹ್ರಿಗೆ ಹೊಟ್ಟೆ ತುಂಬ ತಿಂದು ಫಜರ್ ಮುಗಿಸಿ ಕೂಡಲೇ ನಿದ್ದೆ. ಹಗಲಿಡೀ ಉರಿ ಬಂದರೆ ರೋಜಾವನ್ನು ದೂರುತ್ತೇವೆ. ಹೊಟ್ಟೆ ಪೂರ್ತಿ ತುಂಬಿಸದೆ ನೀರಿಗೂ ಉಸಿರಿಗೂ ಜಾಗ ಬಿಡಬೇಕೆನ್ನುವ ಹದೀಸ್ ನಮ್ಮೆಲ್ಲರಿಗೂ ಬಾಯಿಪಾಠವಿದೆ, ದಸ್ತರ್‌ಖಾನ್ ಹಾಸಿದ ಮೇಲೆ ಮರೆತುಹೋಗುತ್ತದೆ. ಖರ್ಜೂರ, ನೀರು, ಒಂದು ಬಟ್ಟಲು ಗಂಜಿ ತಗೊಂಡು ಮಗ್ರಿಬ್ ನಮಾಜ್ ಮುಗಿಸಿ ಆಮೇಲೆ ಊಟಕ್ಕೆ ಕೂತು ನೋಡಿ. ಹಲೀಂ ಬೇಡ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಹೈದರಾಬಾದಿನವರು ಕೇಳುವುದೂ ಇಲ್ಲ. ಕರಿದದ್ದು ಮತ್ತು ಹಲೀಂ ಒಂದೇ ಸಲ ಬೇಡ, ಅಷ್ಟೇ.

ಉರಿ ವಾರಗಟ್ಟಲೆ ಹೋಗದಿದ್ದರೆ ಕಾರಣ ಬೇರೆಯೇ ಇರಬಹುದು. ಮಂಡಿ ನೋವಿಗೆ, ಸೊಂಟ ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತಂದು ದಿನಾ ನುಂಗುವ ನೋವಿನ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡುತ್ತವೆ. ಇನ್ನೊಂದು ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಖಾರ ಮತ್ತು ಚಿಂತೆಯಿಂದಲೇ ಅಲ್ಸರ್ ಆಗುತ್ತದೆ ಅಂತ ಡಾಕ್ಟರುಗಳೂ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದು ಸೋಂಕು ಅಂದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಕಾಯಿಲೆ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಸೋಂಕು ಎರಡು ವಾರದ ಔಷಧಿಯಿಂದ ಸಾಮಾನ್ಯವಾಗಿ ಗುಣವಾಗುತ್ತದೆ. ಹತ್ತು ವರ್ಷ ಸೋಂಪಿನ ನೀರು ಕುಡಿದರೂ ಹೋಗುವುದಿಲ್ಲ.

ಎದೆಯ ಮಾತು ಬಂತು, ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಎದೆಯ ನಡುವೆ ಒತ್ತಿದ ಹಾಗೆ, ಕಲ್ಲಿಟ್ಟ ಹಾಗೆ ಆಗುವುದು, ಜೊತೆಗೆ ತಣ್ಣನೆ ಬೆವರು, ಉಸಿರು ಕಟ್ಟುವುದು, ದವಡೆಗೋ ತೋಳಿಗೋ ಬೆನ್ನಿಗೋ ನೋವು ಹರಡುವುದು, ನಡೆದರೆ ಹೆಚ್ಚಾಗುವುದು, ಇವು ಹೃದಯಾಘಾತದ ಲಕ್ಷಣಗಳು. ಹೃದಯ ಮತ್ತು ಜಠರದಿಂದ ಹೋಗುವ ನರಗಳು ಬೆನ್ನುಹುರಿಯಲ್ಲಿ ಅಕ್ಕಪಕ್ಕ ಸೇರುವುದರಿಂದ ಮೆದುಳಿಗೇ ಗೊಂದಲವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ವಾಕರಿಕೆ, ಸುಸ್ತು, "ಅಜೀರ್ಣ" ಅಂತ ತೋರಬಹುದು. ಅಮ್ಮಿಗೆ ಗ್ಯಾಸ್ ಆಗಿದೆ ಅಂತ ಅಜವಾನ ಅಗಿಯಲು ಕೊಟ್ಟು ಬೆಳಗಿನವರೆಗೆ ಕಾಯುವ ಮನೆಗಳನ್ನು ನೀವೂ ನೋಡಿರುತ್ತೀರಿ. ತೇಗು ಬಂದು ಹಗುರವಾಯಿತು ಅನ್ನುವುದು ಹೃದಯದ್ದಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. 108ಕ್ಕೆ ಫೋನ್ ಮಾಡಿ, ಇ.ಸಿ.ಜಿ. ಮಾಡಿಸಿ. ಗ್ಯಾಸೇ ಆಗಿದ್ದರೆ ನಾಲ್ಕು ಜನ ನಗಬಹುದು, ನಗಲಿ ಬಿಡಿ.

ಈಗ ನಿಜವಾದ ಗ್ಯಾಸಿಗೆ ಬರೋಣ, ಅಂದರೆ ಹೊಟ್ಟೆಯುಬ್ಬರಕ್ಕೆ. ಹೊಟ್ಟೆಯೊಳಗಿನ ವಾಯು ಎರಡು ದಾರಿಯಿಂದ ಬರುತ್ತದೆ. ಒಂದು, ಗಬಗಬ ತಿನ್ನುವಾಗ, ಮಾತಾಡುತ್ತ ಉಣ್ಣುವಾಗ, ಸೋಡಾ ಕುಡಿಯುವಾಗ ನಾವೇ ನುಂಗುವ ಗಾಳಿ. ಇನ್ನೊಂದು ದೊಡ್ಡ ಕರುಳಿನಲ್ಲಿ ತಯಾರಾಗುವುದು. ತೊಗರಿ, ಕಡಲೆ, ಅವರೆ, ರಾಜ್ಮಾಗಳಲ್ಲಿ ರಾಫಿನೋಸ್ ಜಾತಿಯ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿರುವ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಹುಳಿಯಿಸಿ ಗಾಳಿ ಮಾಡುತ್ತವೆ. ಹಾಗಾಗಿ ಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸುವುದು ದಾದಿ ನಾನಿಯರ ಬರೀ ಶಾಸ್ತ್ರವಲ್ಲ, ಆ ಸಕ್ಕರೆಯ ಒಂದು ಪಾಲು ನೀರಿನ ಜೊತೆ ಹೋಗಿಬಿಡುತ್ತದೆ. ಕೆಲವರಿಗೆ ಹಾಲು ಒಗ್ಗುವುದಿಲ್ಲ, ಉಬ್ಬರ ಬರುತ್ತದೆ. ಅದೇ ಜನಕ್ಕೆ ಮೊಸರು ನಡೆಯುತ್ತದೆ, ಹಾಲಿನ ಸಕ್ಕರೆಯನ್ನು ಹೆಪ್ಪಿನ ಬ್ಯಾಕ್ಟೀರಿಯಾ ಮೊದಲೇ ಸ್ವಲ್ಪ ತಿಂದಿರುತ್ತದೆ.

ಬೇಳೆಗೆ ಇಂಗಿನ ಒಗ್ಗರಣೆ ಹಾಕುವುದೂ ಇದೇ ಕಾರಣಕ್ಕೆ. ಇಂಗು ಒಂದು ಗಿಡದ ಬೇರಿನಿಂದ ಸುರಿಯುವ ಅಂಟು. ನಮ್ಮ ಅಡುಗೆಗೆ ಇಷ್ಟು ಹತ್ತಿರವಾದರೂ ಅದು ಬರುವುದು ಹೆಚ್ಚಾಗಿ ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ನಮ್ಮ ವಿಜ್ಞಾನಿಗಳು ಮೊದಲ ಸಸಿ ನೆಟ್ಟಿದ್ದೇ 2020ರ ಅಕ್ಟೋಬರಿನಲ್ಲಿ. ಡಬ್ಬಿಯಲ್ಲಿ ಬರುವ ಇಂಗಿನಲ್ಲಿ ಹೆಚ್ಚಿನ ಪಾಲು ಹಿಟ್ಟು ಮತ್ತು ಗೋಂದು, ಅದಕ್ಕೇ ಅದು ಬಂಧಾನಿ ಹೀಂಗ್. ಗೋಧಿ ಆಗದವರು ಲೇಬಲ್ ಓದಿ ಕೊಳ್ಳಬೇಕು. ಊಟದ ನಂತರ ಒಂದು ಚಮಚ ಸೋಂಪು ಅಥವಾ ಹುರಿದ ಜೀರಿಗೆ ಅಗಿಯುವುದು, ಹದಿನೈದು ನಿಮಿಷ ನಿಧಾನಕ್ಕೆ ನಡೆಯುವುದು, ಇಷ್ಟಕ್ಕೇ ಹೆಚ್ಚಿನ ಉಬ್ಬರ ಇಳಿಯುತ್ತದೆ. ಬಸ್ಸಿನ ಪ್ರಯಾಣದಲ್ಲಿ ವಾಕರಿಕೆ ಬರುವವರಿಗೆ ಮಾತ್ರ ಶುಂಠಿ ಇವೆಲ್ಲಕ್ಕಿಂತ ಮೇಲು. ಒಂದು ಚೂರು ಹಸಿಶುಂಠಿ ಬಾಯಲ್ಲಿ ಇಟ್ಟುಕೊಂಡರೆ ಸಾಕು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ದಿನವೂ ಶುಂಠಿ ಕಷಾಯ ಕುಡಿಯುವ ಮೊದಲು ಡಾಕ್ಟರನ್ನು ಕೇಳಲಿ.

ಅಜವಾನದ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಮೈಸೂರು ಕಡೆ ಓಂಕಾಳು ಅನ್ನುವುದು ಇದಕ್ಕೇ. ಒಂದು ಚಿಟಿಕೆ ಅಂಗೈಯಲ್ಲಿ ತಿಕ್ಕಿದಾಗ ಮೂಗಿಗೆ ಅಡರುವ ಘಾಟು ಥೈಮಾಲ್ ಅನ್ನುವ ವಸ್ತುವಿನದು. ಅದು ಕ್ರಿಮಿನಾಶಕ, ಬಾಯಿ ತೊಳೆಯುವ ದ್ರಾವಣಗಳಲ್ಲೂ ಇರುತ್ತದೆ. ಅಜವಾನದಿಂದ ತೆಗೆದ ಥೈಮಾಲ್ ಹರಳಿಗೆ ಯುನಾನಿಯಲ್ಲಿ ಸತ್ತೆ ಅಜವಾನ ಎಂದು ಹೆಸರು. ಹೈದರಾಬಾದಿನ ಮನೆಮನೆಯ ಕೆಂಪು ಬಾಟಲಿ ಜಿಂದಾ ತಿಲಿಸ್ಮಾತ್‌ನಲ್ಲಿ ಇರುವವರಲ್ಲಿ ಇವನೂ ಒಬ್ಬ. 1920ರಲ್ಲಿ ಹಕೀಂ ಮೊಹಮ್ಮದ್ ಮೊಯಿಜುದ್ದೀನ್ ಫಾರೂಖಿ ಶುರುಮಾಡಿದ ಈ ಔಷಧಿಯ ಹೆಸರಿನ ಅರ್ಥ ಜೀವಂತ ಮಾಯೆ. ಕಾರ್ಖಾನೆ ಅಂಬರ್‌ಪೇಟೆಯಲ್ಲಿದೆ, ಲೇಬಲ್ಲಿನ ಮೇಲೆ ಇವತ್ತಿಗೂ ಹಬ್ಶಿ ಯೋಧನ ಚಿತ್ರ. ಮುಖ್ಯವಾಗಿ ನೀಲಗಿರಿ ಎಣ್ಣೆ, ಜೊತೆಗೆ ಕರ್ಪೂರ, ಪುದೀನದ ಸತ್ತು, ಅಜವಾನದ ಸತ್ತು. ಆ ಕೆಂಪು ಬಣ್ಣ ರತನ್‌ಜೋತ್ ಬೇರಿನದು. ನಿಜಾಮರ ಕಾಲದಲ್ಲಿ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಹೈದರಾಬಾದ್ ಸಂಸ್ಥಾನದ್ದೇ ಆದ್ದರಿಂದ ನಮ್ಮ ಹಿರಿಯರ ಪೆಟ್ಟಿಗೆಗಳಲ್ಲೂ ಈ ಬಾಟಲಿ ಇರುತ್ತಿತ್ತು. ನೆಗಡಿಗೂ ಅದೇ, ಹಲ್ಲುನೋವಿಗೂ ಅದೇ, ಹೊಟ್ಟೆನುಲಿತಕ್ಕೆ ಚಹಾದಲ್ಲಿ ಹನಿ ಹಾಕಿ ಅದೇ.

ಅದರೊಳಗೆ ಏನಿದೆ ಅಂತ ಗೊತ್ತಾದ ಮೇಲೆ ಹೇಗೆ ಬಳಸಬೇಕು ಅನ್ನುವುದೂ ಗೊತ್ತಾಗುತ್ತದೆ. ನುಲಿತಕ್ಕೆ ಪುದೀನದ ಸತ್ತು ಸರಿ. ಹುಳಿತೇಗಿಗೆ? ಮೇಲೆ ಹೇಳಿದ ಬಾಗಿಲಿನ ಮಾತು ನೆನಪಿಸಿಕೊಳ್ಳಿ. ಕರ್ಪೂರ ಮತ್ತು ನೀಲಗಿರಿ ಎಣ್ಣೆ ಇರುವ ಯಾವ ಔಷಧಿಯೇ ಆಗಲಿ, ಯಾವ ಕಂಪನಿಯದ್ದೇ ಆಗಲಿ, ದೊಡ್ಡವರಿಗೆ ಲೇಬಲ್ಲಿನಲ್ಲಿ ಬರೆದಷ್ಟೇ ಹನಿ. ಸಣ್ಣ ಮಕ್ಕಳ ಹೊಟ್ಟೆಗೆ ಇವು ಹೋಗಬಾರದು. ಕರ್ಪೂರ ಸ್ವಲ್ಪ ಹೆಚ್ಚಾದರೂ ಮಗುವಿಗೆ ಫಿಟ್ಸ್ ಬರುತ್ತದೆ, ಅದೂ ಬಹಳ ಬೇಗ. ಬಾಟಲಿ ಕೈಗೆಟಕದ ಕಡೆ ಇಡಿ. ಪೂಜೆಯ ಕರ್ಪೂರಕ್ಕೂ, ಎದೆಗೆ ಹಚ್ಚುವ ಬಾಮಿಗೂ ಇದೇ ಮಾತು.

ಯುನಾನಿ ಅಂಗಡಿಯ ಹೆಸರುಗಳು ವಿದ್ಯಾರ್ಥಿಗಳಿಗೆ ಒಂದು ಭಾಷಾ ಪಾಠದಂತೆ. ಜವಾರಿಶ್ ಅನ್ನುವುದು ಪಾರ್ಸಿಯ ಗುವಾರಿಶ್‌ನಿಂದ ಬಂದದ್ದು, ಜೀರ್ಣ ಮಾಡಿಸುವಂಥದ್ದು ಎಂದರ್ಥ. ಜವಾರಿಶ್ ಕಮೂನಿಯ ಕಮೂನ್ ಅಂದರೆ ಅರಬ್ಬಿಯಲ್ಲಿ ಜೀರಿಗೆ. ಜವಾರಿಶ್ ಜಾಲೀನೂಸ್‌ನ ಜಾಲೀನೂಸ್ ಬೇರೆ ಯಾರೂ ಅಲ್ಲ, ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲನ್. ಅರಬ್ಬರ ಬಾಯಲ್ಲಿ ಅವನು ಜಾಲೀನೂಸ್ ಆದ, ಅವನ ಯೂನಾನ್ ದೇಶದಿಂದ ಈ ಪದ್ಧತಿ ಯುನಾನಿ ಆಯಿತು. ನನಗೆ ಎಲ್ಲಕ್ಕಿಂತ ಇಷ್ಟವಾಗುವ ಪದ ಇತ್ರೀಫಲ್. ಇದು ಸಂಸ್ಕೃತದ ತ್ರಿಫಲವೇ ಅರಬ್ಬಿ ಉಡುಪು ತೊಟ್ಟು ಮರಳಿ ಬಂದದ್ದು. ಹಲೇಲ, ಬಲೇಲ, ಆಮ್ಲ ಅಂದರೆ ನಮ್ಮ ಅಳಲೆ, ತಾರೆ, ನೆಲ್ಲಿ. ಇತ್ರೀಫಲ್ ನಮ್ಮದು, ತ್ರಿಫಲ ಅವರದು ಅಂತ ವಾದ ಮಾಡುವವರಿಗೆ ಇದನ್ನು ಹೇಳಿ.

ಜವಾರಿಶ್‌ಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಇವೆಲ್ಲ ಸಕ್ಕರೆ ಪಾಕದಲ್ಲೋ ಜೇನಿನಲ್ಲೋ ಕಲಸಿದ ಲೇಹ್ಯಗಳು, ಮದ್ದಿನ ಪುಡಿಗಿಂತ ಪಾಕವೇ ಹೆಚ್ಚು. ಸಕ್ಕರೆ ಕಾಯಿಲೆಯವರು ದಿನಕ್ಕೆರಡು ಚಮಚ ಇಳಿಸಿದರೆ ಹೊಟ್ಟೆಯ ಲೆಕ್ಕ ಸರಿಯಾಗಿ ರಕ್ತದ ಲೆಕ್ಕ ತಪ್ಪುತ್ತದೆ. ಯಾವುದು ಬೇಕು ಅಂತ ಕೌಂಟರಿನ ಹುಡುಗನನ್ನು ಕೇಳುವ ಬದಲು ಓದಿದ ಹಕೀಮರನ್ನು ಕೇಳಿ. ಹೈದರಾಬಾದಿನಲ್ಲಿ ಚಾರ್‌ಮಿನಾರಿನ ಪಕ್ಕವೇ ಸರ್ಕಾರಿ ನಿಜಾಮಿಯಾ ಯುನಾನಿ ಆಸ್ಪತ್ರೆ ಇದೆ. ಬೆಂಗಳೂರಿನವರಿಗೆ ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ಸಂಸ್ಥೆ ಇದೆ. ಲೇಬಲ್ ಇಲ್ಲದ ಪುಡಿ, ಕುಶ್ತಾ ಅಂತ ಕೊಡುವ ಲೋಹದ ಭಸ್ಮ, ಇವನ್ನು ಫುಟ್‌ಪಾತಿನಲ್ಲಿ ಕೊಳ್ಳಬೇಡಿ.

ಮಲಬದ್ಧತೆಗೆ ಇಸಬಗೋಲು ನನ್ನ ಮಟ್ಟಿಗೆ ಪನ್ಸಾರಿ ಅಂಗಡಿಯ ಅತ್ಯಂತ ಪ್ರಾಮಾಣಿಕ ವಸ್ತು. ಪಾರ್ಸಿಯಲ್ಲಿ ಅಸ್ಪ್ ಅಂದರೆ ಕುದುರೆ, ಗೋಲ್ ಅಂದರೆ ಕಿವಿ. ಬೀಜದ ಆಕಾರ ನೋಡಿ ಇಟ್ಟ ಹೆಸರು. ಗುಜರಾತ್ ಮತ್ತು ರಾಜಸ್ಥಾನದಲ್ಲಿ ಬೆಳೆಯುತ್ತಾರೆ. ಅದರ ಹೊಟ್ಟು ನೀರು ಹೀರಿ ಲೋಳೆಯಾಗಿ ಉಬ್ಬಿ ಮಲವನ್ನು ಮೆತ್ತಗೆ ಮಾಡುತ್ತದೆ, ಕರುಳನ್ನು ಹೊಡೆದೆಬ್ಬಿಸುವುದಿಲ್ಲ. ಒಂದೆರಡು ಚಮಚ, ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿದು ಮೇಲೆ ಇನ್ನೊಂದು ಲೋಟ ನೀರು. ಒಣಗಿದ್ದನ್ನೇ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ, ನೀರು ಕಡಿಮೆಯಾದರೆ ಮಲಬದ್ಧತೆ ಜಾಸ್ತಿಯಾಗುತ್ತದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಒಂದೆರಡು ಗಂಟೆ ಅಂತರ ಇರಲಿ. ಸೋನಾಮುಖಿ, ಉರ್ದುವಿನ ಸನಾ ಮಕ್ಕಿ, ಬೇರೆ ಜಾತಿ. ಅದು ದೊಡ್ಡ ಕರುಳನ್ನು ಕೆರಳಿಸಿ ತಳ್ಳಿಸುತ್ತದೆ. ರಾತ್ರಿ ತಗೊಂಡರೆ ಬೆಳಗ್ಗೆ ಕೆಲಸ ಆಗುತ್ತದೆ, ಒಂದೆರಡು ದಿನಕ್ಕೆ ಸರಿ. ತಿಂಗಳುಗಟ್ಟಲೆ ಅದರ ಮೇಲೇ ನಿಂತರೆ ದೇಹದ ಲವಣಗಳು ಏರುಪೇರಾಗುತ್ತವೆ. ಇನ್ನೊಂದು ಮುಖ್ಯ ಮಾತು: ಹೊಟ್ಟೆನೋವಿನ ಕಾರಣ ಗೊತ್ತಿಲ್ಲದಿರುವಾಗ ಭೇದಿ ಮದ್ದು ಕೊಡಬೇಡಿ. ಹೊಕ್ಕಳ ಸುತ್ತ ಶುರುವಾದ ನೋವು ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಕ್ಕೆ ಸರಿದು ನಿಂತರೆ, ಜ್ವರ ವಾಂತಿ ಜೊತೆಗಿದ್ದರೆ, ಅದು ಅಪೆಂಡಿಕ್ಸ್ ಇರಬಹುದು. ಸನಾ ಕುಡಿಸಿದರೆ ಅದು ಒಡೆಯುವ ಅಪಾಯವಿದೆ.

ಭೇದಿಯಾದರೆ? ನಿಲ್ಲಿಸುವ ಆತುರ ನಮಗೆ ಜಾಸ್ತಿ. ದಾಳಿಂಬೆ ಸಿಪ್ಪೆ, ಕಡು ಚಹಾ, ಜಾಯಿಕಾಯಿ ತೇಯ್ದದ್ದು, ಕೊನೆಗೆ ಮೆಡಿಕಲ್ ಶಾಪಿನ ಮಾತ್ರೆ. ಭೇದಿಯಲ್ಲಿ ಜನ ಸಾಯುವುದು ಮುಖ್ಯವಾಗಿ ನೀರು ಮತ್ತು ಉಪ್ಪು ಹೊರಟುಹೋಗಿ. ಅದನ್ನು ತುಂಬಿಸಿಕೊಡುವುದೇ ಮದ್ದು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಗಡಿಯ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿದುಹೋಯಿತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ, ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಲು ಶುರುಮಾಡಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಗುಟ್ಟು ಇಷ್ಟೇ: ಭೇದಿಯಾಗುವಾಗಲೂ ಸಣ್ಣ ಕರುಳು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಸಕ್ಕರೆ ತನ್ನ ಜೊತೆ ಉಪ್ಪನ್ನು ಕರೆದುಕೊಂಡು ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಮುಖ್ಯ. ಸಕ್ಕರೆ ಹೆಚ್ಚಾದರೆ ಕರುಳಿಗೆ ನೀರು ತಿರುಗಿ ಬಂದು ಭೇದಿ ಹೆಚ್ಚುತ್ತದೆ. ಓ.ಆರ್.ಎಸ್. ಪೊಟ್ಟಣ ಸಿಕ್ಕರೆ ಇನ್ನೂ ಒಳ್ಳೆಯದು, 20.5 ಗ್ರಾಮಿನದು ಪೂರ್ತಿ ಒಂದು ಲೀಟರಿಗೆ. 2 ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ, ಚಮಚದಲ್ಲಿ ನಿಧಾನಕ್ಕೆ. ಎದೆಹಾಲು ನಿಲ್ಲಿಸಬೇಡಿ. ಕಿಚಡಿ, ಮೊಸರನ್ನ, ಬಾಳೆಹಣ್ಣು ಕೊಡಿ. ಮಕ್ಕಳಿಗೆ 14 ದಿನದ ಜಿಂಕ್ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಸಿಗುತ್ತದೆ.

ಓ.ಆರ್.ಎಸ್. ಹೆಸರಿನಲ್ಲೇ ಒಂದು ಮೋಸ ವರ್ಷಗಟ್ಟಲೆ ನಡೆಯಿತು. ಹಣ್ಣಿನ ರಸದ ಹಾಗಿರುವ, ಸಕ್ಕರೆ ಹಲವು ಪಟ್ಟು ಇರುವ ಪಾನೀಯಗಳ ಡಬ್ಬಿಯ ಮೇಲೆ ಓ.ಆರ್.ಎಸ್. ಅಕ್ಷರ ಹಾಕಿ ಮೆಡಿಕಲ್ ಶಾಪುಗಳಲ್ಲೇ ಮಾರುತ್ತಿದ್ದರು. ಇದರ ವಿರುದ್ಧ ಎಂಟು ವರ್ಷ ಹೋರಾಡಿದವರು ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯದ ಮೇಲೆ ಆ ಹೆಸರು ಇರಕೂಡದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊನೆಗೆ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು. ಆದರೂ ಹಳೆಯ ಅಭ್ಯಾಸ ಬೇಗ ಹೋಗುವುದಿಲ್ಲ. ಅಂಗಡಿಯವನು ಏನು ಕೊಟ್ಟ ಅಂತ ತಿರುಗಿಸಿ ಓದಿ.

ಮಗು ಕಣ್ಣು ಗುಳಿಬಿದ್ದು ಮಂಕಾದರೆ, ಉಚ್ಚೆ ನಿಂತರೆ, ಕುಡಿದದ್ದೆಲ್ಲ ವಾಂತಿಯಾದರೆ ಮನೆಯಲ್ಲಿ ಕೂರಬೇಡಿ. ದೊಡ್ಡವರಲ್ಲಿ ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಕಣ್ಣು ಹಳದಿಯಾಗುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆ ತಕರಾರು, ಇವು ಯಾವುದಕ್ಕೂ ಪನ್ಸಾರಿಯಲ್ಲಿ ಉತ್ತರ ಇಲ್ಲ. ಬೇರೆ ಸಣ್ಣಪುಟ್ಟ ತೊಂದರೆಗಳಿಗೆ ನಾನು ಕೊಡುವ ಗಡುವು ಎರಡು ವಾರ. ಡಾಕ್ಟರ ಹತ್ತಿರ ಹೋದಾಗ ಮನೆಯಲ್ಲಿ ಏನೇನು ತಗೊಂಡಿರಿ ಅಂತ ಮುಚ್ಚಿಡದೆ ಹೇಳಿ, ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ.

ಇನ್ನು ತಿಬ್ಬೆ ನಬವಿ. ಕಲೌಂಜಿ, ಜೇನು, ಸನಾ ಇವುಗಳ ಡಬ್ಬಿಯ ಮೇಲೆ ಈ ಹೆಸರು ಬರೆದು ಮಾರುವುದು ಈಗ ದೊಡ್ಡ ವ್ಯಾಪಾರ. ಈ ವಸ್ತುಗಳ ಮೇಲೆ ನಮಗಿರುವ ಪ್ರೀತಿ ಸಹಜ. ಕಲೌಂಜಿಯಿಂದ ಅಜೀರ್ಣಕ್ಕೆ ಸ್ವಲ್ಪ ಉಪಯೋಗವಿದೆ ಅನ್ನುವ ಸಣ್ಣ ಪ್ರಯೋಗಗಳೂ ಇವೆ. ಆದರೆ ಹದೀಸ್‌ನ ಹೆಸರು ಹೇಳಿ ಕ್ಯಾನ್ಸರಿಗೂ ಕಿಡ್ನಿಗೂ ಅದನ್ನೇ ಮಾರುವವರನ್ನು ಪ್ರಶ್ನಿಸುವುದು ಈಮಾನಿಗೆ ವಿರೋಧವಲ್ಲ. 14ನೇ ಶತಮಾನದಲ್ಲಿ ಇಬ್ನ್ ಕಯ್ಯಿಮ್ ತಿಬ್ಬೆ ನಬವಿಯ ಮೇಲೆ ಪ್ರಸಿದ್ಧ ಗ್ರಂಥ ಬರೆದರು. ಅದೇ ಶತಮಾನದಲ್ಲಿ ಇಬ್ನ್ ಖಲ್ದೂನ್ ತಮ್ಮ ಮುಕದ್ದಿಮಾದಲ್ಲಿ, ಪ್ರವಾದಿಯವರು ಬಂದದ್ದು ದೀನ್ ಕಲಿಸಲು, ವೈದ್ಯ ಕಲಿಸಲು ಅಲ್ಲ, ಅಂಥ ಮದ್ದುಗಳು ಆಗಿನ ಅರಬರ ರೂಢಿಗೆ ಸೇರಿದವು ಅನ್ನುವ ಅರ್ಥದಲ್ಲಿ ವಾದಿಸಿದರು. ನಂಬಿಕೆಯಿಂದ ಬಳಸಿದರೆ ಬರಕತ್ ಇದೆ ಅನ್ನುವುದನ್ನೂ ಅವರು ಒಪ್ಪಿದ್ದರು. ಈ ಚರ್ಚೆ ನಮ್ಮ ಪರಂಪರೆಯ ಒಳಗಿನದೇ, ಹೊರಗಿನವರು ತಂದದ್ದಲ್ಲ.

ಜೇನಿನ ವಿಷಯದಲ್ಲಿ ಮಾತ್ರ ಚರ್ಚೆಗೆ ಜಾಗವಿಲ್ಲ. ಹುಟ್ಟಿದ ಮಗುವಿನ ಬಾಯಿಗೆ ಜೇನು ನೆಕ್ಕಿಸುವುದು, ಹೊಟ್ಟೆನೋವಿಗೆ ಅಂತ ಜೇನಿನಲ್ಲಿ ಘುಟ್ಟಿ ತೇಯ್ದು ಹಾಕುವುದು ನಮ್ಮ ಎಷ್ಟೋ ಮನೆಗಳಲ್ಲಿ ಇದೆ. ಜೇನಿನಲ್ಲಿ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವಕ್ಕೆ ಬೆಳೆಯಲು ಆಗುವುದಿಲ್ಲ. ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಮಾಡುತ್ತವೆ. ಮೊದಲು ಮಲಬದ್ಧತೆ, ಆಮೇಲೆ ಅಳು ಕ್ಷೀಣವಾಗಿ, ಹಾಲು ಹೀರಲಾಗದೆ, ಕತ್ತು ನಿಲ್ಲದೆ, ಉಸಿರಾಟಕ್ಕೇ ಬರುತ್ತದೆ. ಕುದಿಸಿದ ಜೇನು, ಶುದ್ಧ ಜೇನು, ಕಾಡಿನ ಜೇನು, ಯಾವುದೂ ಹೊರತಲ್ಲ. ತಹ್ನೀಕ್‌ಗೆ ಜೇನೇ ಬೇಕು ಅಂತ ಮನೆಯ ಹಿರಿಯರು ಹಟ ಹಿಡಿದರೆ, ಪ್ರವಾದಿಯವರು ಮಾಡಿದ್ದು ಖರ್ಜೂರದಿಂದ ಅನ್ನುವುದನ್ನು ಅದಬಿನಿಂದ ನೆನಪಿಸಿ. ಅದೂ ಸೋಪು ಹಾಕಿ ತೊಳೆದ ಬೆರಳಿನಿಂದ, ಚೂರೂ ಗಟ್ಟಿ ಉಳಿಯದಂತೆ ನುಣ್ಣಗೆ ಅರೆದದ್ದರ ಒಂದು ಲೇಪ ಅಂಗಳಕ್ಕೆ ಸವರಿದರೆ ಮುಗಿಯಿತು. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ ಅಷ್ಟಕ್ಕೂ ಡಾಕ್ಟರ ಒಪ್ಪಿಗೆ ಕೇಳಿ.